ಮೂರನೆಯ ಸಪ್ಪಳ

ಎಮ್ಮೆಯ ಎದೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ತ್ರಿಶಲಾಗೆ ಗೊತ್ತಿರಲಿಲ್ಲ. ಆದರೂ ಗಣೇಶ ಚೌತಿಯ ಮುಂಜಾನೆ, ಊರೆಲ್ಲ ಅಂಗಳಕ್ಕೆ ನೀರು ಹೊಡೆಯುವ ಹೊತ್ತಿನಲ್ಲಿ, ಅವಳು ಕೊಟ್ಟಿಗೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಎಮ್ಮೆಯ ಮುಂಗಾಲಿನ ಸಂದಿಗೆ ಸ್ಟೆತೊಸ್ಕೋಪಿನ ಬಿಲ್ಲೆಯನ್ನು ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಳು. ಎಮ್ಮೆ ಮೆಲುಕು ನಿಲ್ಲಿಸಿ, ಇದ್ಯಾವ ಹೊಸ ಪೀಡೆ ಎಂಬಂತೆ ತಿರುಗಿ ನೋಡಿತು.

"ಏನಂತೈತಿ ಬೇ ಎಮ್ಮಿ?" ಹೊಸ್ತಿಲ ಮೇಲೆ ಕೂತಿದ್ದ ಅಜ್ಜಿ ಸುಗಂಧಾಬಾಯಿ ಕೇಳಿದಳು. "ಹಿಂಡಿ ಸಾಲಂಗಿಲ್ಲ ಅಂತೈತೇನು?"

"ಏನೂ ಅನವಲ್ದು ಆಯಿ." ಹುಟ್ಟಿದಾಗಿನಿಂದ ತ್ರಿಶಲಾಗೆ ಅಜ್ಜಿ ಅಂದರೆ ಆಯಿಯೇ. "ಬಾಂವ್ಯಾಗ ಕಿವಿ ಇಟ್ಟಂಗ ಆಗೇತಿ. ಬರೇ ಗುಂಯ್ ಅಂತೈತಿ."

"ಮತ್ತ, ನನ್ನ ಎದಿಗೆ ಹಚ್ಚತೀನಂತ ನಿನ್ನೆಯಿಂದ ಗಂಟ ಬಿದ್ದೀಯಲ್ಲ? ಮದಲ ಎಮ್ಮಿ ಮ್ಯಾಲ ಕಲತ ಬಾ ಅಂತ ಅದಕ್ಕ ಹೇಳಿದ್ನಿ. ಎಮ್ಮಿ ಬೈಯೂದಿಲ್ಲ, ನಾ ಬೈತೀನಿ."

ತ್ರಿಶಲಾ ಚಿಕ್ಕೋಡಿಯಲ್ಲಿ ನರ್ಸಿಂಗ್ ಮೊದಲ ವರ್ಷ. ಕಾಲೇಜಿನಲ್ಲಿ ಇಪ್ಪತ್ತು ಹುಡುಗಿಯರಿಗೆ ಎರಡು ಸ್ಟೆತೊಸ್ಕೋಪು. ಅದು ಕಿವಿಗೆ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಹಾಗಾಗಿ ಕೋರ್ಸು ಮುಗಿಸಿ ಪುಣೆಗೆ ಹೊರಟಿದ್ದ ಪ್ರಾಜಕ್ತಾ ಎಂಬ ಹಿರಿಯ ಹುಡುಗಿ ತನ್ನದನ್ನು ಕೊಟ್ಟಾಗ, ತ್ರಿಶಲಾ ಅದನ್ನು ಓಢಣಿಯಲ್ಲಿ ಸುತ್ತಿ ಎದೆಗವಚಿಕೊಂಡೇ ಬಸ್ಸಿನಲ್ಲಿ ತನ್ನೂರು ದಿಗ್ಗೇವಾಡಿಗೆ ಬಂದಿದ್ದಳು. "ನನಗೂ ಹಳೇದ ಸಿಕ್ಕಿತ್ತು, ನೋಡಿಕೊಂಡ ಬಳಸು" ಎಂದಿದ್ದಳು ಪ್ರಾಜಕ್ತಾ. ಆ ಮಾತು ತ್ರಿಶಲಾಗೆ ಎಚ್ಚರಿಕೆಯಂತೆ ಕೇಳಲಿಲ್ಲ, ಕಥೆಯ ಮೊದಲ ಸಾಲಿನಂತೆ ಕೇಳಿತು. ಎಷ್ಟು ಎದೆಗಳ ಗುಟ್ಟು ಈ ಕರೀ ನಳಿಗೆಯಲ್ಲಿ ಹರಿದು ಹೋಗಿದೆಯೋ! ಹೆರಿಗೆಗೆ ಬಂದವರದು, ಹೆದರಿಕೊಂಡವರದು, ನಾಳೆ ಇರುವುದಿಲ್ಲವೆಂದು ಗೊತ್ತಿಲ್ಲದವರದು. ಬಸ್ಸು ಹಳ್ಳ ಹಾರಿದರೂ ಅವಳಿಗೆ ಪರಿವೆ ಇರಲಿಲ್ಲ.

ಆದರೆ ಆಯಿಯ ಎದೆ ಕೇಳಬೇಕೆಂಬುದು ಕನಸಿನ ಮಾತಾಗಿರಲಿಲ್ಲ. ನಿನ್ನೆ ಸಂಜೆ ಬಸದಿಯ ಮೆಟ್ಟಿಲು ಹತ್ತುವಾಗ ಆಯಿ ಮೂರನೆಯ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದಳು. "ಸೀರಿ ಸರಿ ಮಾಡ್ಕೊಂತೀನಿ, ನೀ ನಡಿ" ಅಂದಳು. ಸೀರೆ ಸರಿಯಾಗೇ ಇತ್ತು. ಸರಿ ಇಲ್ಲದ್ದು ಉಸಿರು. ನಾಳೆ ಪಂಚಮಿ, ಜೈನರ ಮನೆಗಳಲ್ಲಿ ದಶಲಕ್ಷಣ ಪರ್ವದ ಮೊದಲ ದಿನ. ಚಾತುರ್ಮಾಸಕ್ಕೆಂದು ಊರ ಬಸದಿಯಲ್ಲಿ ಉಳಿದಿರುವ ಮುನಿ ಮಹಾರಾಜರ ಮುಂದೆ ಕೈಮುಗಿದು ನಿಂತು, ಆಯಿ ಹತ್ತು ದಿನದ ಉಪವಾಸದ ನಿಯಮ ತೆಗೆದುಕೊಳ್ಳುವವಳಿದ್ದಳು. ದಿನಕ್ಕೊಂದು ಸಲ ಕಾಸಿದ ನೀರು, ಅಷ್ಟೇ. ಒಂದು ಸಲ ಮಹಾರಾಜರ ಬಾಯಿಂದ ಬಂದ ನಿಯಮ ಹಿಂದಿರುಗುವುದಿಲ್ಲ; ಜೀವ ಹೋದರೂ ಬಿಡುವವಳಲ್ಲ ಆಯಿ. ಏನು ಕೇಳಬೇಕಿದ್ದರೂ ಇವತ್ತೇ ಕೇಳಬೇಕು.

ತ್ರಿಶಲಾ ಎದ್ದು ಸ್ಟೆತೊಸ್ಕೋಪನ್ನು ಕೊರಳಿಗೆ ಹಾಕಿಕೊಂಡು ಹಿಂದಿನ ಓಣಿಗೆ ನಡೆದಳು.

ಹಿಂದಿನ ಓಣಿಯಲ್ಲಿ ತಾರಾಬಾಯಿ ಇದ್ದಳು. ಮೂವತ್ತು ವರ್ಷ ಹೊಳೆಯ ಎರಡೂ ದಂಡೆಯ ಊರುಗಳಲ್ಲಿ ಸಿಸ್ಟರ್ ಆಗಿ ತಿರುಗಿ, ಅರ್ಧ ಊರನ್ನು ತನ್ನ ಕೈಯಿಂದಲೇ ಭೂಮಿಗೆ ಇಳಿಸಿಕೊಂಡವಳು. ಈಗ ಕಿವಿ ಮಂದ. ಮಾತಾಡುವವರ ಬಾಯಿ ನೋಡಿ ಅರ್ಧ ತಿಳಿಯುತ್ತಿದ್ದಳು, ಉಳಿದರ್ಧಕ್ಕೆ ತಾನೇ ಮಾತಾಡುತ್ತಿದ್ದಳು.

"ಕಾಕೂ, ಇದರಾಗ ಏನೂ ಕೇಳಸವಲ್ದು!"

"ಅರೇ ದೇವಾ, ಕಿವ್ಯಾಗ ಹಾಕ್ಕೊಂಡ ತೋರಸ ಮದಲ." ತ್ರಿಶಲಾ ಹಾಕಿಕೊಂಡು ತೋರಿಸಿದಳು. ತಾರಾಬಾಯಿ ಹಣೆ ಚಚ್ಚಿಕೊಂಡಳು. "ಯೇಡೀ! ಉಲ್ಟಾ ಹಾಕೀಯಲ್ಲ. ಈ ಕಡ್ಡಿ ಮೂಗಿನ ಕಡೆ ಮಾರಿ ಮಾಡಿರಬೇಕು. ಕಿವೀ ತೂತ ಮುಂದಕ ಹೋಗತೈತಿ, ಹಿಂದಕಲ್ಲ. ಒಂಬತ್ತ ತಿಂಗಳಾತು ಕಾಲೇಜಿಗೆ ಹೋಗಾಕತ್ತು, ಒಂಬತ್ತ ತಿಂಗಳಿಗೆ ಕೂಸ ಹುಟ್ಟತಾವ ಬೇ!"

ತ್ರಿಶಲಾ ನಾಚಿ ತಿರುಗಿಸಿ ಹಾಕಿಕೊಂಡಳು. ಕಿವಿಯಲ್ಲಿ ಅದು ಸರಿಯಾಗಿ ಹೋಗಿ ಕೂತಿತು. ಓಣಿಯ ಗಲಾಟೆ ಒಮ್ಮೆಲೇ ದೂರ ಸರಿಯಿತು.

"ಈಗ ಬಿಲ್ಲಿ ಮ್ಯಾಲ ಉಗುರಲೆ ಸಣ್ಣಗ ಬಡಿ. ಕೇಳಸ್ತೇನು?"

"ಇಲ್ಲ."

"ಹಂಗಾರ ಬಾಯಿ ಮುಚ್ಚೈತಿ. ಇದಕ್ಕ ಎರಡ ಮಾರಿ ಇರ್ತಾವ, ಅಗಲಂದೊಂದು, ಬಟ್ಟಲದಂಥಾದೊಂದು. ಒಂದ ತೆರದ್ರ ಇನ್ನೊಂದ ಮುಚ್ಚತೈತಿ. ಹಿಡದ ತಿರುವು, ಟಕ್ ಅನ್ನೂ ತನಕ." ತಿರುವಿದಾಗ ಟಕ್ ಎಂದಿತು. ತ್ರಿಶಲಾ ಉಗುರು ತಾಗಿಸಿದ್ದೇ ಕಿವಿಯಲ್ಲಿ ಯಾರೋ ಬಾಗಿಲು ಬಡಿದಂತಾಗಿ ಬೆಚ್ಚಿದಳು. ತಾರಾಬಾಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಆಮೇಲೆ ನಳಿಗೆಯನ್ನು ಒಂದೊಂದು ಬೊಟ್ಟಿನಷ್ಟೇ ಬಾಗಿಸುತ್ತ ಹೋದಳು, ಹುಳುಕು ಹುಡುಕುತ್ತ ಅವರೆಕಾಯಿ ಬಿಡಿಸುವವರ ಹಾಗೆ. ಬಿಲ್ಲೆಗೆ ಸೇರುವ ತುದಿಯಲ್ಲಿ ಕೂದಲಿನಷ್ಟು ಸೀಳು ಸಿಕ್ಕಿತು. ಬ್ಲೇಡಿನಿಂದ ಅಷ್ಟು ತುಂಡನ್ನು ಕೊಯ್ದು ಬಿಸಾಕಿ, ಉಳಿದದ್ದನ್ನು ಮತ್ತೆ ಬಿಗಿಯಾಗಿ ಸಿಕ್ಕಿಸಿದಳು. ಕೊನೆಗೆ ಬಿಲ್ಲೆಯ ಬಳೆ ಬಿಚ್ಚಿ, ಒಳಗಿನ ತೆಳ್ಳನೆಯ ಹಾಳೆಯನ್ನು ಬಿಸಿಲಿಗೆ ಹಿಡಿದಳು.

"ನೋಡಿಲ್ಲಿ. ಇದು ಕಂಪನೀದಲ್ಲ. ಹಳೇ ಎಕ್ಸರೇ ಕತ್ತರಿಸಿ ಕೂಡಿಸ್ಯಾರ."

ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಆ ಕಪ್ಪು ಹಾಳೆಯಲ್ಲಿ ಬೂದಿ ಬಣ್ಣದ ಪಟ್ಟಿಯೊಂದು ಅಡ್ಡ ಹಾಯ್ದಿತ್ತು. ಯಾರದೋ ಎಲುಬು. ಪಕ್ಕೆಯದೋ, ಮುಂಗೈಯದೋ. ತ್ರಿಶಲಾ ನೋಡುತ್ತ ನಿಂತಳು. ಯಾರೋ ಒಬ್ಬರ ಎಲುಬಿನ ನೆರಳನ್ನು ಇನ್ನೊಬ್ಬರ ಎದೆಗಿಟ್ಟು ಕೇಳುವುದು!

"ಕನಸ ಆಮ್ಯಾಲ ಕಾಣು, ಮದಲ ಕೇಳು," ತಾರಾಬಾಯಿ ತೊಡೆಗೆ ಹೊಡೆದಳು. "ಇದೂ ನಡೀತೈತಿ. ನಾನೂ ಹಿಂಗ ಮಾಡಿ ಐದ ವರ್ಷ ನಡಸೀನಿ. ಆದ್ರ ಸಡ್ಲಾತಂದ್ರ ಇಲ್ಲದ ಸಪ್ಪಳ ಕೇಳಸ್ತೈತಿ. ಅದಕ್ಕ ಒಂದ ಮಾತ ನೆಪ್ಪಿಡು. ಸಂಶೇ ಬಂತಂದ್ರ ಮೂರ ಎದಿ ಕೇಳು. ಮೂರರಾಗೂ ಅದ ಸಪ್ಪಳ ಇದ್ರ ತಪ್ಪು ಯಂತ್ರದ್ದು. ಒಂದರಾಗ ಇದ್ದು ಎರಡರಾಗ ಇಲ್ಲಂದ್ರ..." ಮಾತು ಮುಗಿಸದೆ ಬಳೆ ಬಿಗಿದು ಕೈಗೆ ಕೊಟ್ಟಳು.

"ಕಾಕೂ, ನೀವ ಬಂದ ಒಂದ ಸಲ ಆಯೀದ ಕೇಳ್ರಲ್ಲ. ನಿನ್ನೆ ಮೆಟ್ಲ ಹತ್ತೂವಾಗ ದಮ್ಮ ಹತ್ತಿತ್ತು."

ತಾರಾಬಾಯಿ ಅವಳ ಬಾಯನ್ನೇ ನೋಡುತ್ತಿದ್ದಳು. ಮಾತು ಮುಟ್ಟಿದ ಮೇಲೆ ಎರಡೂ ಕಿವಿ ಹಿಡಿದುಕೊಂಡು ತಲೆಯಾಡಿಸಿದಳು. "ಇವು ನನಗಿಂತ ಮದಲ ರಿಟೈರ್ ಆಗ್ಯಾವ. ಢೋಲು ಕೇಳಸ್ತಾವ, ಎದಿ ಕೇಳಸೂದಿಲ್ಲ. ದವಾಖಾನಿ ಇವತ್ತ ಚೌತಿ ಸೂಟಿ. ನೀನ ಕೇಳ್ಬೇಕು. ಬಾ, ಮದಲ ನಂದ ಕೇಳು."

ತಾರಾಬಾಯಿಯ ಒಣಗಿದ ಎದೆಯ ಎಡಕ್ಕೆ ಬಿಲ್ಲೆ ಇಟ್ಟಾಗ ತ್ರಿಶಲಾಗೆ ಮೊದಲ ಸಲ ನೆಟ್ಟಗೆ ಕೇಳಿಸಿತು. ಲಬ್, ಡಬ್. ಲಬ್, ಡಬ್. ದೂರದ ಅಂಗಳದಲ್ಲಿ ಇಬ್ಬರು ಹೆಂಗಸರು ಪಾಳಿ ಹಚ್ಚಿ ಒನಕೆ ಹಾಕಿದ ಹಾಗೆ. ಕಣ್ಣು ತುಂಬಿತು. ತಾರಾಬಾಯಿ, "ಅದೀನೋ ಹೋಗೀನೋ?" ಎಂದು ಕೇಳಿದಳು. "ಅದೀರಿ ಕಾಕೂ, ಇನ್ನೂ ಭಾಳ ದಿನಾ ಅದೀರಿ" ಎಂದು ತ್ರಿಶಲಾ ಒದರಿ ಹೇಳಿ ಮನೆಗೆ ಓಡಿದಳು.

ಮನೆಯ ಕಟ್ಟೆಯ ಮೇಲೆ ಅಪ್ಪ ವೃಷಭ ಫ್ಲೆಕ್ಸ್ ಬಿಚ್ಚಿ ಹಾಸಿದ್ದ. ಎಂಟು ಅಡಿಯ ಫ್ಲೆಕ್ಸು. 'ದಶೋಪವಾಸ ವ್ರತಧಾರಿಣಿ ಸುಗಂಧಾಬಾಯಿಯವರಿಗೆ ಅನುಮೋದನೆಗಳು' ಎಂಬ ದಪ್ಪ ಅಕ್ಷರಗಳ ನಡುವೆ ಆಯಿ ನಗದೆ ಕೂತಿದ್ದಳು.

"ಅವ್ವನ ಮೂಗ ಒಂದೀಟ ದೊಡ್ಡದ ಮಾಡ್ಯಾನ ನೋಡು ಆ ಫ್ಲೆಕ್ಸಿನ ಸುರಜ," ಅಪ್ಪ ಫ್ಲೆಕ್ಸಿನವನನ್ನು ಬೈದ. "ಇರ್ಲಿ. ಉಪಾಸ ಬಿಡೂ ದಿನ ಪಾರಣಿಗೆ ಸತ್ತಿ ಊರವರು, ಏಕಸಂಬಿಯವರು ಎಲ್ಲಾರೂ ಬರ್ತೀವಂದಾರ. ನಮ್ಮ ಮನಿತನದಾಗ ಹತ್ತ ಉಪಾಸ ಮಾಡಿದವರು ಯಾರೂ ಇಲ್ಲ."

"ಅಪ್ಪಾ, ಅಂಗಿ ಗುಂಡಿ ಬಿಚ್ಚು."

"ಯಾಕ ಲೇ?"

"ಎದಿ ಕೇಳ್ಬೇಕು."

ಅಪ್ಪ ನಗುತ್ತಲೇ ಬಿಚ್ಚಿದ. ಲಬ್, ಡಬ್. ಎರಡೇ ಒನಕೆ, ನಡುವೆ ಏನೂ ಇಲ್ಲ. ತನ್ನದನ್ನೂ ಕೇಳಿಕೊಂಡಳು, ಅದು ಓಡಿ ಬಂದ ಆಕಳ ಕರುವಿನಂತೆ ಜಿಗಿಯುತ್ತಿತ್ತು, ಆದರೂ ಎರಡೇ. ಮೂರು ಎದೆ ಮುಗಿಯಿತು. ಯಂತ್ರ ನೆಟ್ಟಗಿದೆ. ಇನ್ನು ಆಯಿ.

ಅಷ್ಟರಲ್ಲಿ ಓಣಿಯಲ್ಲಿ ಮಂಡಳದ ಹುಡುಗರು ಗಣಪತಿ ತರುತ್ತ ಢೋಲು ತಾಶೆ ಶುರು ಮಾಡಿದರು. ನೆಲವೇ ನಡುಗತೊಡಗಿತು. ತ್ರಿಶಲಾ ಆಯಿಯ ಕೈಹಿಡಿದು ಒಳಗಿನ ಕಾಳಿನ ಕೋಣೆಗೆ ಕರೆದೊಯ್ದು ಕದ ಹಾಕಿದಳು. ಗೋಡೆಗುಂಟ ಜೋಳದ ಚೀಲಗಳು. ಢೋಲಿನ ಸದ್ದು ಚೀಲಗಳಿಗೆ ಬಡಿದು ಮೆತ್ತಗಾಯಿತು.

ಸೆರಗಿನೊಳಗೆ ಕೈಹಾಕಿ ಬಿಲ್ಲೆ ಇಟ್ಟಳು. ಆಯಿ, "ಥಣ್ಣಗೈತಿ!" ಎಂದು ಹಾರಿದಳು. ಆಮೇಲೆ ಅಲುಗದೆ ಕೂತಳು.

ಲಬ್, ಸುಂಯ್, ಡಬ್. ಲಬ್, ಸುಂಯ್, ಡಬ್.

ಎರಡು ಒನಕೆಗಳ ನಡುವೆ ಯಾರೋ ಮೊರದಲ್ಲಿ ಕಾಳು ಜರುಗಿಸಿದ ಹಾಗೆ. ತ್ರಿಶಲಾ ಬಿಲ್ಲೆ ತೆಗೆದು, ಬಳೆ ಬಿಗಿದು, ಮತ್ತೆ ಇಟ್ಟಳು. ಅದೇ. ಆಯಿ ಹೇಳುತ್ತಿದ್ದ ಕಥೆಯೊಂದರಲ್ಲಿ ನೆಲಕ್ಕೆ ಕಿವಿ ಹಚ್ಚಿ ನೀರಿನ ಸೆಲೆ ಕೇಳುವ ಸೊಸೆಯೊಬ್ಬಳಿದ್ದಳು. ಊರಿಗೆಲ್ಲ ಬಾವಿ ತೋರಿಸಿದವಳಿಗೆ ಒಂದು ದಿನ ತನ್ನ ಅತ್ತೆಯ ಒಲೆಯ ಕೆಳಗೇ ನೀರು ಕೇಳಿಸಿತ್ತು. ಕೇಳಿದ್ದನ್ನು ಹೇಳಿದರೆ ಮನೆ ಒಡೆಯಬೇಕು. ಆಗ ಆ ಸೊಸೆಯ ಕಿವಿ ಹೇಗೆ ಉರಿದಿರಬೇಕು ಎಂಬುದು ತ್ರಿಶಲಾಗೆ ಈಗ ತಿಳಿಯಿತು.

ತಲೆ ಎತ್ತಿದಾಗ ಆಯಿಯ ತುಟಿ ಅಲುಗುತ್ತಿರುವುದು ಕಂಡಿತು.

"ಆಯಿ! ಜಪಾ ಮಾಡಾಕತ್ತೀಯೇನು?"

"ಹೂಂ ಮತ್ತ. ನಾ ಯಾವಾಗ ಬಿಟ್ಟೀನಿ?"

ತ್ರಿಶಲಾಗೆ ನಗು ಉಕ್ಕಿಬಂತು. ಕದ ತೆರೆದು, ಸುಂಯ್ ಅಂದದ್ದು ಆಯಿಯ ಜಪವೆಂದು ಅಪ್ಪನಿಗೆ ಕೂಗಿ ಹೇಳಿದಳು. ಆಯಿಯ ಬಾಯಲ್ಲಿ ಣಮೋಕಾರ ಮಂತ್ರ ನಿಂತದ್ದನ್ನು ಮನೆಯವರು ಯಾರೂ ಕಂಡಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅಜ್ಜ ತೀರಿದ ದಿನ ಹಿಡಿದದ್ದು. ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ, ನಿದ್ದೆಯಲ್ಲಿ ಕೂಡ ಗಂಟಲಲ್ಲಿ ಅದು ನಡೆದೇ ಇರುತ್ತಿತ್ತು. ಅದೇ ಎದೆಯಲ್ಲಿ ಇಳಿದು ಕೇಳುತ್ತಿದೆ! ಅಪ್ಪನೂ ನಕ್ಕ. "ನೋಡ್ರಿ ಡಾಕ್ಟರ್ ಬಾಯಿಯವರ ಹುಷಾರಿ! ಮಂತ್ರಾ ಕೇಳಿ ಬ್ಯಾನಿ ಅಂತಾರ."

ನಗುನಗುತ್ತಲೇ ನಳಿಗೆ ಸುತ್ತಿಡಲು ಹೋದ ತ್ರಿಶಲಾಳ ಕೈ ನಿಂತಿತು. ಣಮೋಕಾರದ ಸಾಲು ಉದ್ದ. ಒಂದು ಸಾಲು ಮುಗಿಯುವಷ್ಟರಲ್ಲಿ ಎದೆ ಮೂರ್ನಾಲ್ಕು ಸಲ ಬಡಿಯುತ್ತದೆ. ತಾನು ಕೇಳಿದ ಸುಂಯ್ ಸಾಲಿನ ಲೆಕ್ಕಕ್ಕೆ ಬಂದಿರಲಿಲ್ಲ. ಪ್ರತಿ ಬಡಿತಕ್ಕೂ ತಪ್ಪದೆ ಬಂದಿತ್ತು.

"ಆಯಿ, ಒಂದ ನಿಮಿಷ ಜಪಾ ನಿಲ್ಲಸು."

ಆಯಿಯ ಮುಖ ಗಂಭೀರವಾಯಿತು. "ನಿಲ್ಲಸಾಕ ಅದನ್ನ ನಾ ಮಾಡಾಕತ್ತಿಲ್ಲವ. ಅದ ತಾನ ನಡೀತೈತಿ."

"ಒಂದ ನಿಮಿಷ. ನನ ಸಲುವಾಗಿ."

ಹೊರಗೆ ಢೋಲು ಮುಂದಿನ ಓಣಿಗೆ ಹೋಗಿತ್ತು. ಆಯಿ ಜೋಳದ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದಳು. ತುಟಿ ನಿಂತಿತು, ಆದರೆ ಗಂಟಲಿನ ನರ ಇನ್ನೂ ಅಲುಗುತ್ತಿತ್ತು. ಹನ್ನೆರಡು ವರ್ಷದ ಓಟ ಒಮ್ಮೆಲೇ ನಿಲ್ಲುವುದಿಲ್ಲ. ಎರಡು ಸಲ ತಾನೇ ತಲೆಯಾಡಿಸಿ, "ತಡಿ, ಇನ್ನೂ ನಿಂತಿಲ್ಲ" ಅಂದಳು. ಮೂರನೆಯ ಸಲ ಏನೂ ಅನ್ನಲಿಲ್ಲ. ಗಂಟಲು ನಿಶ್ಚಲವಾಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆಯಿ ನಿಜವಾಗಿಯೂ ಸುಮ್ಮನಿದ್ದಳು, ಮೊಮ್ಮಗಳಿಗೆ ಕೇಳಿಸಲೆಂದು.

ಲಬ್, ಸುಂಯ್, ಡಬ್.

ತ್ರಿಶಲಾ ಬಿಲ್ಲೆ ತೆಗೆದಳು. ಆಯಿ ಅವಳ ಮುಖ ನೋಡಿ, ಕೈ ಚಾಚಿ, "ಕೊಡಿಲ್ಲಿ" ಅಂದಳು. ತ್ರಿಶಲಾ ಕಡ್ಡಿಗಳನ್ನು ಮೂಗಿನ ಕಡೆ ತಿರುಗಿಸಿ ಆಯಿಯ ಕಿವಿಗಿಟ್ಟಳು. ಮೊದಲು ಬಿಲ್ಲೆಯನ್ನು ತನ್ನ ಎದೆಗೆ ಹಚ್ಚಿಕೊಂಡಳು.

"ಅಯ್ಯ, ಅಯ್ಯ!" ಆಯಿಯ ಮುಖ ಅರಳಿತು. "ಎಷ್ಟ ಓಡತೈತಿ ಬೇ ಇದು! ಯಾರ ಬೆನ್ನ ಹತ್ಯಾರ ನಿಂಗ?"

ಆಮೇಲೆ ಬಿಲ್ಲೆಯನ್ನು ಆಯಿಯ ಎದೆಗಿಟ್ಟಳು. ಆಯಿ ಕೇಳಿದಳು. ಬಹಳ ಹೊತ್ತು ಕೇಳಿದಳು. ಮತ್ತೊಮ್ಮೆ ಮೊಮ್ಮಗಳದನ್ನು ಕೇಳಿದಳು, ಮತ್ತೆ ತನ್ನದನ್ನು. ಸಂತೆಯಲ್ಲಿ ಎರಡು ತೆಂಗಿನಕಾಯಿ ಅಲುಗಿಸಿ ನೋಡುವವಳ ಹಾಗೆ.

"ನಿಂದು ಎರಡ ಮಾತ ಆಡತೈತಿ," ಎಂದಳು ಕೊನೆಗೆ. "ನಂದು ನಡುವ ಇನ್ನೊಂದ ಹೇಳತೈತಿ."

"ಹೂಂ ಆಯಿ. ಮೆಟ್ಲ ಹತ್ತೂವಾಗ ದಮ್ಮ ಹತ್ತಾಕತ್ತು ಎಷ್ಟ ದಿನಾ ಆತು?"

ಆಯಿ ಕದದ ಬಳಿ ನಿಂತಿದ್ದ ಮಗನ ಕಡೆ ನೋಡಿದಳು. "ಕಾರ ಹುಣ್ಣಿವಿ... ಅಲ್ಲ, ಯುಗಾದಿಯಿಂದ" ಎಂದಳು.

ಅಪ್ಪನ ನಗು ಆರಿತು. ಆದರೆ ಬಾಯಿಗೆ ಬಂದದ್ದು ಸಿಟ್ಟು. "ಕಾಲೇಜಿಗೆ ಹೋಗಿ ವರ್ಷ ತುಂಬಿಲ್ಲ, ಎಕ್ಸರೇ ತುಂಡ ಹಾಕಿದ ಹಳೇ ಡಬ್ಬಿ ಹಿಡಕೊಂಡ ಬಂದು ನಮ್ಮವ್ವಗ ರೋಗ ಹಚ್ಚತೀಯೇನ? ಊರಿಗೆಲ್ಲ ಹೇಳೇವಿ. ಫ್ಲೆಕ್ಸ್ ಬಂದೈತಿ. ನಾಳೆ ಏನಂತ ಹೇಳ್ಲಿ ನಾನು?"

"ನಾ ಡಾಕ್ಟರ್ ಅಲ್ಲ ಅಪ್ಪಾ," ತ್ರಿಶಲಾ ಹೇಳಿದಳು. "ಇದೇನ ಬ್ಯಾನಿ ಅಂತ ನಂಗ ಗೊತ್ತಿಲ್ಲ. ಏನೂ ಇಲ್ಲದ ಇರಲಿಕ್ಕೂ ಸಾಕು. ಆದ್ರ ಇದನ್ನ ಗೊತ್ತಿದ್ದವರಿಗೆ ತೋರಸದ ಹತ್ತ ದಿನಾ ಬರೇ ನೀರಿನ ಮ್ಯಾಲ ಇರಬಾರದು. ಮಶೀನ್ ತಪ್ಪಂತೀಯಲ್ಲ, ತಾರಾಕಾಕೂ ಎದಿ ಕೇಳೀನಿ, ನಿಂದ ಕೇಳೀನಿ, ನಂದ ಕೇಳೀನಿ. ಅಲ್ಲೆಲ್ಲೂ ಇಲ್ಲದ್ದು ಇಲ್ಲೈತಿ."

"ವೃಷಭಾ," ಆಯಿ ಮೆಲ್ಲಗೆ ಕರೆದಳು. "ಅಕಿನ್ನ ಬೈಬ್ಯಾಡ. ನಾನೂ ಕೇಳೀನಿ. ಕೇಳಿದ ಮ್ಯಾಲ ಕೇಳಿಲ್ಲ ಅಂದ್ರ ಅದು ಸುಳ್ಳ ಆಗತೈತಿ."

ಅವತ್ತು ಸಂಜೆ ಬೆಳಕಿರುವಾಗಲೇ ಆಯಿ ಎಂದಿನಂತೆ ಊಟ ಮಾಡಿದಳು. ತ್ರಿಶಲಾಳ ಅವ್ವ ಧಾರಣೆಗೆಂದು, ಅಂದರೆ ಉಪವಾಸದ ಹಿಂದಿನ ಊಟಕ್ಕೆಂದು, ಹೋಳಿಗೆ ಮಾಡಿದ್ದಳು. ಆಯಿ ಒಂದು ತಿಂದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಯಾರಿಗೂ ತಿಳಿಯಲಿಲ್ಲ. ಫ್ಲೆಕ್ಸು ಸುರುಳಿಯಾಗಿ ಕಟ್ಟೆಯ ಮೂಲೆಯಲ್ಲೇ ಇತ್ತು.

ಪಂಚಮಿಯ ಬೆಳಿಗ್ಗೆ ಬಸದಿ ತುಂಬಿತ್ತು. ಆಯಿ ಬಿಳಿ ಸೀರೆ ಉಟ್ಟಿದ್ದಳು. ಮೂರನೆಯ ಮೆಟ್ಟಿಲ ಮೇಲೆ ನಿಂತು, ಈ ಸಲ ಸೀರೆಯ ನೆಪ ಹೇಳದೆ, "ದಮ್ಮ ಹತ್ತೈತಿ, ತಡೀರಿ" ಎಂದು ಎಲ್ಲರೆದುರೇ ಕೂತಳು. ಹಿಂದೆ ಬರುತ್ತಿದ್ದ ಹೆಂಗಸರು ನಿಂತರು. ಅಪ್ಪ ನಿಂತ. ಆಯಿ ಎದೆಯ ಮೇಲೆ ಕೈಯಿಟ್ಟು ಕೂತದ್ದನ್ನು ಅವನು ನೋಡಿದ. ಆಮೇಲೆ ತಾನೇ ಬಗ್ಗಿ ಕೈಕೊಟ್ಟು ಎಬ್ಬಿಸಿದ.

ಮಹಾರಾಜರು ಹಲಗೆಯ ಮೇಲೆ ಕೂತಿದ್ದರು. ಉಪವಾಸ ಹಿಡಿಯುವವರು ಒಬ್ಬೊಬ್ಬರಾಗಿ ಮುಂದೆ ಬಂದು ಬೇಡಿಕೊಳ್ಳುತ್ತಿದ್ದರು: ಒಂದು, ಮೂರು, ಐದು. ಆಯಿಯ ಸರದಿ ಬಂದಾಗ ಬಸದಿಯ ಪಂಡಿತರು ಹೆಮ್ಮೆಯಿಂದ, "ಸುಗಂಧಾಬಾಯಿಯವರು, ಹತ್ತು" ಎಂದು ಮೊದಲೇ ಹೇಳಿಬಿಟ್ಟರು. ಜನ ಜಯಕಾರ ಹಾಕಲು ಉಸಿರು ಎಳೆದುಕೊಂಡರು.

ಆಯಿ ಕೈಮುಗಿದಳು. "ಹತ್ತಲ್ರಿ. ನನಗ ಬ್ಯಾರೆ ನಿಯಮ ಬೇಕ್ರಿ ಮಹಾರಾಜ್ರ."

ಮಹಾರಾಜರು ಕಣ್ಣೆತ್ತಿ ನೋಡಿದರು.

"ನನ್ನ ಎದ್ಯಾಗ ಒಂದ ಸಪ್ಪಳ ಐತ್ರಿ. ಮೊಮ್ಮಗಳು ಹುಡಿಕ್ಯಾಳ, ನಾನೂ ಕೇಳೀನಿ. ಹಟಾ ನನಗ ಭಾಳ್ರಿ. ನಾಳೆ ಯಾರರ ಒಬ್ಬರು ಏನ ಆಗಂಗಿಲ್ಲ ಅಂದ್ರ ಸಾಕು, ಉಪಾಸ ಹಿಡದಬಿಡತೀನಿ. ಅದಕ್ಕ, ದೊಡ್ಡ ಡಾಕ್ಟರ್ ನೋಡಿ ಸೈ ಅನ್ನೂ ತನಕ ಉಪಾಸದ ಹೆಸರ ಎತ್ತೂದಿಲ್ಲ, ಹೊತ್ತಿಗೆ ಸರಿ ಉಣ್ಣತೀನಿ, ಅಂತ ನನಗ ನಿಯಮ ಕೊಡ್ರಿ. ನೀವು ಕೊಟ್ರ ನಾ ಮುರಿಯೂದಿಲ್ಲ."

ಬಸದಿಯಲ್ಲಿ ಪಿಸುಮಾತು ಎದ್ದಿತು. ಯಾರೋ "ಊಟದ ವ್ರತಾನ?" ಎಂದು ನಕ್ಕರು. ಇನ್ಯಾರೋ ಸುಮ್ಮನಿರಿಸಿದರು. ತ್ರಿಶಲಾಳ ಕಿವಿ ಬಿಸಿಯಾಯಿತು. ಮಹಾರಾಜರು, "ಇದು ನಿಮಗ ಹತ್ತಕ್ಕಿಂತ ಕಠಿಣ ಆಗತೈತಿ ಅಜ್ಜಿ" ಎಂದರು.

"ಗೊತ್ತೈತ್ರಿ."

ಅವರು ನವಿಲುಗರಿಯ ಪಿಂಛಿ ಎತ್ತಿ ನಿಯಮ ಕೊಟ್ಟರು.

ಮನೆಗೆ ಬಂದಾಗ ಅನುಮೋದನೆಗೆಂದು, ಅಂದರೆ ಉಪವಾಸ ಹಿಡಿದವಳನ್ನು ಕೊಂಡಾಡಲೆಂದು, ಕಾಯಿ, ಹೂವು ಹಿಡಿದು ಬಂದ ಓಣಿಯ ಹೆಂಗಸರು ಪಡಸಾಲೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದರು. ಹಿಂದಿನ ವರ್ಷ ಐದು ಉಪವಾಸ ಮಾಡಿ ಇದೇ ಪಡಸಾಲೆಯಲ್ಲಿ ಆಯಿ ಕಾಲು ಮುಟ್ಟಿಸಿಕೊಂಡಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಫೋನಿನಲ್ಲಿ ಸತ್ತಿಯವರಿಗೆ, "ಹತ್ತರ ಬಸ್ಸಿಗೆ ಮಿರಜಕ್ಕ ಹೊಂಟೇವಿ, ಅವ್ವನ್ನ ತೋರಸ್ಕೊಂಡ ಬರ್ತೀವಿ. ಪಾರಣಿ ಮುಂದ ನೋಡೂಣು" ಎನ್ನುತ್ತಿದ್ದ. ಆ ಕಡೆಯವರು ಏನೋ ಕೇಳಿದರು. "ನಮ್ಮ ತ್ರಿಶಲಾ ಕೇಳ್ಯಾಳ," ಅಂದ ಅಪ್ಪ. ಆ ಮಾತನ್ನು ಅವನು ಮೆತ್ತಗೆ ಹೇಳಲಿಲ್ಲ.

ಆಯಿ ತಾಟಿನ ಮುಂದೆ ಕೂತಳು. ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಪರ್ವದ ಮೊದಲ ದಿನ, ಬೆಳಗಿನ ಹೊತ್ತು, ಊರ ಹೆಂಗಸರೆದುರು ರೊಟ್ಟಿ ಮುರಿಯುವುದು. ಆ ಕೈ ತಾಟಿನವರೆಗೆ ಹೋಗಿ ಒಮ್ಮೆ ಹಿಂದೆ ಬಂದದ್ದು ತ್ರಿಶಲಾ ಒಬ್ಬಳಿಗೇ ಕಂಡಿತು. ಅವಳು ಹೋಗಿ ಪಕ್ಕದಲ್ಲಿ ಕೂತಳು.

ಆಯಿಯ ತುಟಿ ಅಲುಗತೊಡಗಿತು. ನಿಂತ ಜಪ ಮತ್ತೆ ನಡೆಯಹತ್ತಿತ್ತು. ಅದರ ನಡುವೆಯೇ ಅವಳು ರೊಟ್ಟಿಯ ಅಂಚು ಮುರಿದಳು.

"ಸುಮ್ಮನ ಯಾಕ ಕುಂತೀ ಬೇ? ಬ್ಯಾಳಿ ಹಾಕು," ಎಂದಳು ಮೊಮ್ಮಗಳಿಗೆ. "ಮತ್ತ ಬಸ್ಸ ತಪ್ಪತೈತಿ."